ಟೈಕೊ ಬಾರಿಸುವ ತಂಗಿಯ ಜೊತೆ ಟೆಕ್ಸಸ್ಸಿನಲ್ಲಿ

ಫ್ಲೂಗರ್‌ವಿಲ್

ನಾನು ಟೆಕ್ಸಸ್ ತಲುಪಿದ ಮಾರನೆಯ ಬೆಳಿಗ್ಗೆ ನನ್ನ ತಂಗಿ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ಲಿನ ತನ್ನ ಮನೆಯ ಗ್ಯಾರೇಜಿನಲ್ಲಿ ನಿಂತು ಕಾರಿನ ಹಳೇ ಟೈರೊಂದಕ್ಕೆ ಎರಡು ದಪ್ಪ ಕೋಲುಗಳಿಂದ ಬಡಿಯುತ್ತಿದ್ದಳು. ಟೈರಿನ ಬಾಯಿಗೆ ಪಾರ್ಸೆಲ್ ಅಂಟಿಸುವ ಟೇಪನ್ನು ಅಡ್ಡಡ್ಡ ಸುತ್ತಿ ಚರ್ಮದ ಹಾಗೆ ಬಿಗಿ ಮಾಡಿದ್ದಳು. ಕಾಲು ಅಗಲಿಸಿ, ಎಡಮಂಡಿ ಬಗ್ಗಿಸಿ, ಕೈಗಳನ್ನು ಸೂರಿನವರೆಗೆ ಎತ್ತಿ ಎತ್ತಿ ಹೊಡೆಯುತ್ತಿದ್ದಳು. ನಿದ್ದೆಗಣ್ಣಿನಲ್ಲಿ ಕಾಫಿ ಪುಡಿ ಹುಡುಕಿಕೊಂಡು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ವಸುಧಾ ಮಕ್ಕಳ ಡಾಕ್ಟರು. ವಯಸ್ಸು ಐವತ್ತೆಂಟು. ಗಂಡ ಪ್ರಭಾಕರ ತೀರಿಹೋಗಿ ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಇಷ್ಟು ಗೊತ್ತಿದ್ದವರು ಯಾರು ಆ ದೃಶ್ಯ ನೋಡಿದ್ದರೂ ನನ್ನ ಹಾಗೆಯೇ ಗಾಬರಿಯಾಗುತ್ತಿದ್ದರು.

"ಯಾರ ಮೇಲೆ ಕಣೇ ಇಷ್ಟು ಸಿಟ್ಟು?" ಎಂದೆ.

"ಸಿಟ್ಟಲ್ಲ ಅಕ್ಕ, ಪ್ರಾಕ್ಟೀಸು. ನಿಜವಾದ ಡ್ರಮ್ ಮನೇಲಿ ಹೊಡೆದ್ರೆ ಪಕ್ಕದ ಮನೆಯೋರು ಕಂಪ್ಲೇಂಟ್ ಮಾಡ್ತಾರೆ. ಟೈರಾದ್ರೆ ಅಷ್ಟು ಕೇಳ್ಸಲ್ಲ. ಕಾಫಿ ಪುಡಿ ಮೇಲಿನ ಶೆಲ್ಫಲ್ಲಿದೆ, ನನಗೂ ಒಂದ್ ಲೋಟ ಮಾಡು."

ಟೈಕೊ ಅಂದರೆ ಜಪಾನಿನ ದೊಡ್ಡ ಡೋಲು. ಮರದ ಪೀಪಾಯಿಯ ಆಕಾರ, ಎರಡೂ ಬದಿಗೆ ಚರ್ಮ, ಸುತ್ತ ಗುಂಡು ಮೊಳೆ. ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುವ ವಾದ್ಯವಲ್ಲ, ಇಡೀ ಮೈಯಿಂದ ಬಾರಿಸಬೇಕು. ಆಸ್ಟಿನ್ನಿನಲ್ಲಿ ಇದನ್ನು ಕಲಿತು, ಊರೂರಿನ ಉತ್ಸವಗಳಲ್ಲಿ ಬಾರಿಸುವ ಒಂದು ತಂಡವಿದೆ. ನನ್ನ ತಂಗಿ ಅದರಲ್ಲಿ ಸೇರಿಕೊಂಡಿದ್ದಾಳೆ ಎಂಬುದು ಮೈಸೂರಿನಲ್ಲಿದ್ದ ನಮಗೆ ಗೊತ್ತಿತ್ತು. ಭಾನುವಾರ ಹೊತ್ತು ಹೋಗಲಿ ಅಂತ ಏನೋ ಹವ್ಯಾಸ ಇಟ್ಟುಕೊಂಡಿದ್ದಾಳೆ ಅಂದುಕೊಂಡಿದ್ದೆವು. ಬೆಳಗಾಗೆದ್ದು ಟೈರು ಬಡಿಯುವಷ್ಟು ಅಂತ ಯಾರಿಗೆ ಗೊತ್ತು?

ನಾನು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕಲ್ಲ. ನಮ್ಮಣ್ಣ ನನ್ನನ್ನು ಕಳಿಸಿದ್ದು ಒಂದೇ ಕೆಲಸಕ್ಕೆ, ವಸುಧಾಳನ್ನು ಮೈಸೂರಿಗೆ ಕರೆತರುವುದಕ್ಕೆ. "ಗಂಡ ಇಲ್ಲ, ಮಕ್ಕಳಿಲ್ಲ, ಅಷ್ಟು ದೂರದಲ್ಲಿ ಒಬ್ಬಳೇ ಏನ್ ಮಾಡ್ತಾಳೆ? ನಾವೆಲ್ಲ ಸತ್ತುಹೋಗಿದೀವಾ? ಕರ್ಕೊಂಡೇ ಬಾ" ಎಂದು ವಿಮಾನ ನಿಲ್ದಾಣದಲ್ಲಿ ಕೂಡ ಮತ್ತೊಮ್ಮೆ ಹೇಳಿ ಕಳಿಸಿದ್ದ. ಪ್ರಭಾಕರ ಹೋದಾಗ ನನಗೆ ವೀಸಾ ಸಿಕ್ಕಿರಲಿಲ್ಲ. ಆ ಸಂಕಟ ಇನ್ನೂ ಹಾಗೇ ಇತ್ತು. ಈ ಸಲವಾದರೂ ಅಕ್ಕನ ಕೆಲಸ ಮಾಡಬೇಕು ಅಂತ ನಾನೂ ಹಟ ತೊಟ್ಟೇ ಹೊರಟಿದ್ದೆ.

ಆದರೆ ವಸುಧಾ ನನಗಿಂತ ಚುರುಕು. ಮೊದಲ ದಿನ ಊಟಕ್ಕೆ ಕೂತಾಗ ಅವಳೇ ಬಾಯಿ ಬಿಟ್ಟಳು.

"ಅಣ್ಣ ಯಾಕೆ ಕಳಿಸಿದಾನೆ ಅಂತ ನನಗ್ಗೊತ್ತು. ಈಗ ಏನೂ ಕೇಳ್ಬೇಡ. ಆಸ್ಟಿನ್, ಡಾಲಸ್, ಹೂಸ್ಟನ್, ಮೂರು ಕಡೆ ಪ್ರೋಗ್ರಾಂ ಇದೆ. ಡಾಲಸ್ಸಲ್ಲಿ ಮೊದಲನೇ ಸಲ ದೊಡ್ಡ ಡ್ರಮ್ ನನಗೆ ಕೊಟ್ಟಿದಾರೆ. ಹೂಸ್ಟನ್ ಮುಗಿದ ದಿನ ಹೇಳ್ತೀನಿ, ಬರ್ತೀನೋ ಇಲ್ವೋ ಅಂತ. ಸಾರು ಹಾಕಲಾ?"

ಹಾಕು ಅಂದೆ. ಬೇರೇನು ಹೇಳಲಿ!

ಆಸ್ಟಿನ್

ಅಭ್ಯಾಸ ನಡೆಯುವುದು ಒಂದು ಗೋಡೌನಿನಂಥ ಕಟ್ಟಡದಲ್ಲಿ. ಹೋದೊಡನೆ ಡ್ರಮ್ಮುಗಳ ಹತ್ತಿರ ಯಾರೂ ಹೋಗಲಿಲ್ಲ. ಎಲ್ಲರೂ ಬಟ್ಟೆ ತುಂಡು ಹಿಡಿದು ನೆಲ ಒರೆಸತೊಡಗಿದರು. ಮೈಸೂರಿನ ಮನೆಯಲ್ಲಿದ್ದಾಗ ಕೆಲಸದವಳು ಬಂದು ಹೋದ ಮೇಲೆ ಬಿದ್ದ ಲೋಟವನ್ನೂ ಎತ್ತಿಡದಿದ್ದ ನನ್ನ ತಂಗಿ ಇಲ್ಲಿ ಮಂಡಿಯೂರಿ ಮೂಲೆಯ ಕಸ ತೆಗೆಯುತ್ತಿದ್ದಳು. ಆಮೇಲೆ ಸಾಲಾಗಿ ನಿಂತು, ಖಾಲಿ ಕೋಣೆಗೆ ಬಗ್ಗಿ ನಮಸ್ಕಾರ ಮಾಡಿದರು.

ಇವರ ಗುರು ಕಿಯೊಕೊ. ಎಪ್ಪತ್ತು ದಾಟಿದ ಸಣ್ಣ ಹೆಂಗಸು. ಮದುವೆಯಾಗಿ ಟೆಕ್ಸಸ್ಸಿಗೆ ಬಂದು, ಇಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಎಲ್ಲರೂ ಸೆನ್ಸೇ ಅನ್ನುತ್ತಾರೆ. ನಮ್ಮಲ್ಲಿ ಮೇಷ್ಟ್ರೇ ಅನ್ನುವುದಿಲ್ಲವೇ, ಹಾಗೆ. ಜಪಾನಿನವರು ತಂಡದಲ್ಲಿ ಇವರನ್ನು ಬಿಟ್ಟರೆ ಇನ್ನೊಬ್ಬರೋ ಇಬ್ಬರೋ. ಉಳಿದವರೆಲ್ಲ ಬೇರೆ ಬೇರೆ ದೇಶದ, ಬೇರೆ ಬೇರೆ ಉದ್ಯೋಗದ ಜನ. ಡ್ರಮ್ಮು ಸಾಗಿಸುವ ಟ್ರೇಲರಿನ ಯಜಮಾನ ಡೇಲ್ ಎಂಬ ಎಲೆಕ್ಟ್ರಿಶಿಯನ್. ಬಾಗಿಲು ತುಂಬುವಂಥ ಆಳು, ಎದೆಯವರೆಗೆ ಗಡ್ಡ. ನನ್ನನ್ನು ನೋಡಿದಾಗಲೆಲ್ಲ "ಮ್ಯಾಮ್" ಅಂತ ಟೋಪಿ ಮುಟ್ಟಿಕೊಳ್ಳುತ್ತಿದ್ದ.

ಕಿಯೊಕೊ ಮೊದಲು ಪಾಠವನ್ನು ಬಾಯಲ್ಲಿ ಹೇಳಿಸಿದರು. ಡೊನ್, ಡೊಕೊ, ಡೊನ್, ಕಾ. ನಮ್ಮ ಪಕ್ಕದ ಮನೆಯ ಮೃದಂಗದ ಮೇಷ್ಟ್ರು ಮಕ್ಕಳಿಗೆ ತಕಧಿಮಿ ಹೇಳಿಸುವುದನ್ನು ಕೇಳಿ ಬೆಳೆದವಳು ನಾನು, ಕೂತಲ್ಲೇ ತೊಡೆಯ ಮೇಲೆ ತಾಳ ಹಾಕಿದೆ. ಕಿಯೊಕೊ ನನ್ನ ಕಡೆ ನೋಡಿ ನಕ್ಕರು. ಇವರಲ್ಲಿ ಒಂದು ವಿಶೇಷವಿತ್ತು. ಬಾರಿಸದೆ ಬಿಡುವ ಜಾಗಕ್ಕೂ ಒಂದು ಅಕ್ಷರವಿದೆ, ಸು. ಸುಮ್ಮನಿರುವುದನ್ನೂ ಬಾಯಿಬಿಟ್ಟು ಹೇಳಿಯೇ ಕಲಿಯಬೇಕು.

ಆ ನಗು ಸಿಕ್ಕ ಉತ್ಸಾಹದಲ್ಲಿ ನಾನು ನೀರು ಕುಡಿಯಲು ಎದ್ದವಳು ನೆಲದಲ್ಲಿಟ್ಟಿದ್ದ ಕೋಲುಗಳನ್ನು ದಾಟಿಕೊಂಡು ಹೋದೆ. ಇಡೀ ಕೋಣೆ ಗಪ್ಪೆಂದಿತು. ಡೇಲ್ ಮಾತ್ರ ಆ ಕೋಲುಗಳನ್ನು ಎತ್ತಿ, ಒರೆಸಿ, ಗೋಡೆಯ ಪಕ್ಕಕ್ಕಿಟ್ಟ. ವಸುಧಾ ಕಣ್ಣಲ್ಲೇ ಬೈದಳು. ನಮ್ಮ ಮನೆಯಲ್ಲಿ ಯಾರಾದರೂ ಪುಸ್ತಕ ದಾಟಿದರೆ ನಾನು ಹೇಗೆ ನೋಡುತ್ತೇನೋ ಹಾಗೆಯೇ ಅವರು ನನ್ನನ್ನು ನೋಡಿದ್ದರು.

ಉತ್ಸವ ನಡೆದದ್ದು ಶನಿವಾರ, ಒಂದು ಪಾರ್ಕಿನಲ್ಲಿ. ಹನ್ನೊಂದಕ್ಕೆ ಎಂದಿದ್ದರು. ಹನ್ನೊಂದು ಅಂದರೆ ಹನ್ನೊಂದೂವರೆ ಎಂಬ ನಮ್ಮ ಲೆಕ್ಕದಲ್ಲಿ ನಾನು ಮಳಿಗೆಗಳನ್ನು ನೋಡುತ್ತ ನಿಂತೆ. ಅಷ್ಟರಲ್ಲಿ ಡ್ರಮ್ಮಿನ ಸದ್ದಿಗೆ ಹೊಟ್ಟೆಯೊಳಗೆ ಯಾರೋ ಗುದ್ದಿದಂತಾಯಿತು. ಓಡಿ ಹೋಗಿ ನೋಡಿದರೆ ಕಾರ್ಯಕ್ರಮ ಆಗಲೇ ಶುರುವಾಗಿತ್ತು. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಗಳಿಲ್ಲ, ಶಾಲು ಹಾರ ಇಲ್ಲ, ಸಮಯದ ಅಭಾವದಿಂದ ಎರಡೇ ಮಾತು ಎಂದು ಅರ್ಧ ಗಂಟೆ ಕೊರೆಯುವವರೂ ಇಲ್ಲ. ಬಂದರು, ಬಗ್ಗಿದರು, ಬಾರಿಸಿದರು. ಹುಲ್ಲಿನ ಮೇಲೆ ಮನೆಯಿಂದ ತಂದ ಮಡಚು ಕುರ್ಚಿ ಹಾಕಿಕೊಂಡು ಕೂತ ಅಜ್ಜಂದಿರು ಕೌಬಾಯ್ ಟೋಪಿ ತೆಗೆದು ಕೇಳುತ್ತಿದ್ದರು. ತಂಡದವರೆಲ್ಲ ಬಾರಿಸುವಾಗ ಒಬ್ಬರಿಗೊಬ್ಬರು "ಹಾ!" "ಸೊರೆ!" ಎಂದು ಕೂಗಿ ಹುರಿದುಂಬಿಸುತ್ತಿದ್ದರು. ನನ್ನ ತಂಗಿಯೂ ಕೂಗಿದಳು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಜೋರಾಗಿ ಸೀನಿದರೂ ಅಜ್ಜಿ ಬೈಯುತ್ತಿದ್ದರು. ನಾನು ಅಕ್ಕಪಕ್ಕ ನೋಡಿದೆ, ಗೊತ್ತಿದ್ದವರು ಯಾರಾದರೂ ಇದ್ದಾರೆಯೇ ಅಂತ.

ಇದ್ದರು. ಹಿಂದಿನ ಸಾಲಿನಿಂದ ಬೆಂಗಳೂರಿನ ಒಬ್ಬ ಹೆಂಗಸು ಬಂದು, "ಆಂಟಿ, ನೀವು ವಸುಧಾ ಅವರ ಸಿಸ್ಟರ್ ಅಲ್ವಾ? ಅವರು ತುಂಬಾ ಬ್ರೇವ್ ಆಂಟಿ. ಹಸ್ಬೆಂಡ್ ಹೋಗಿ ಇಷ್ಟು ಬೇಗ ಸ್ಟೇಜ್ ಮೇಲೆ ಹೀಗೆಲ್ಲ..." ಎಂದು ಮಾತನ್ನು ಅಲ್ಲಿಗೇ ಬಿಟ್ಟಳು. ಬಿಟ್ಟ ಭಾಗ ನನಗೆ ಚೆನ್ನಾಗಿ ಅರ್ಥವಾಯಿತು. ಅಣ್ಣನ ಮಾತು ಸರಿ, ಇವಳನ್ನು ಕರೆದುಕೊಂಡು ಹೋಗಲೇಬೇಕು ಅಂತ ಆಗ ಇನ್ನೂ ಗಟ್ಟಿಯಾಗಿ ಅನ್ನಿಸಿತು.

ಮುಗಿದ ಮೇಲೆ ಹಸಿವಾಗಿ ನಾನೊಂದು ತಟ್ಟೆ ನೂಡಲ್ಸ್ ತೆಗೆದುಕೊಂಡೆ. ತಂಡದವರು ಯಾರೂ ತಿನ್ನುತ್ತಿರಲಿಲ್ಲ. ಡ್ರಮ್ಮುಗಳನ್ನೆಲ್ಲ ಒರೆಸಿ, ಕಂಬಳಿ ಸುತ್ತಿ, ಟ್ರೇಲರಿಗೆ ಏರಿಸಿ ಹಗ್ಗ ಬಿಗಿಯುವವರೆಗೆ ಒಂದು ತುತ್ತೂ ಬಾಯಿಗೆ ಹೋಗಬಾರದು, ಅದು ಅವರ ನೇಮ. ಎಪ್ಪತ್ತು ದಾಟಿದ ಕಿಯೊಕೊ ಕೂಡ ಒಂದು ತುದಿ ಹಿಡಿದು ಹೊರುತ್ತಿದ್ದರು. ಬಾಯಲ್ಲಿ ನೂಡಲ್ಸ್ ಜೋತುಬಿದ್ದ ನಾನೊಬ್ಬಳೇ ಅಲ್ಲಿ ಮುಖ್ಯ ಅತಿಥಿಯಂತೆ ನಿಂತಿದ್ದೆ.

ಕ್ಯಾರಲ್ಟನ್, ಡಾಲಸ್

ಡಾಲಸ್ಸಿನ ಕಾರ್ಯಕ್ರಮ ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ದಸರೆಯ ಹೊತ್ತಿನಲ್ಲಿ ಮೈಸೂರಿನವಳು ಮೈಸೂರು ಬಿಟ್ಟಿದ್ದೇ ತಪ್ಪು ಅಂತ ನಾನು ಕೊರಗುತ್ತಿದ್ದೆ. ಹಿಂದಿನ ದಿನ ಉಳಿದುಕೊಂಡದ್ದು ಕ್ಯಾರಲ್ಟನ್ನಿನಲ್ಲಿ. ಅಲ್ಲಿನ ಇಂಡಿಯನ್ ಅಂಗಡಿಗೆ ಹೋದರೆ ನನ್ನ ಕೊರಗೆಲ್ಲ ಹಾರಿಹೋಯಿತು. ಅರಿಶಿನ, ಕುಂಕುಮ, ಗಂಧ, ಊದುಬತ್ತಿ, ಸೇವಂತಿಗೆ, ನಿಂಬೆಹಣ್ಣು, ಬೂದುಗುಂಬಳಕಾಯಿ ಕೂಡ. ವಸುಧಾಳಿಗೆ ಹೇಳದೆ ಒಂದು ಚೀಲ ತುಂಬಿಸಿಕೊಂಡೆ. ನನ್ನ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ. ತಂಗಿ ಮೊದಲ ಸಲ ದೊಡ್ಡ ಡ್ರಮ್ ಬಾರಿಸುತ್ತಿದ್ದಾಳೆ, ಅದೂ ಆಯುಧಪೂಜೆಯ ದಿನ, ಪೂಜೆ ಮಾಡದೆ ಹಾಗೇ ಬಾರಿಸಿಬಿಡುವುದೇ?

ಬೆಳಿಗ್ಗೆ ಡ್ರಮ್ಮುಗಳನ್ನು ವೇದಿಕೆಯ ಹಿಂದಿನ ಟೆಂಟಿನಲ್ಲಿಳಿಸಿ ಎಲ್ಲರೂ ಬಟ್ಟೆ ಬದಲಾಯಿಸಲು ಹೋದರು. "ಅಕ್ಕ, ಸ್ವಲ್ಪ ನೋಡ್ಕೊಂಡಿರು" ಎಂದು ವಸುಧಾ ಕಾವಲಿಗೆ ನನ್ನನ್ನೇ ಬಿಟ್ಟಳು.

ಪೂಜೆಗೆ ಮೊದಲು ಒರೆಸಬೇಕಲ್ಲ? ದಾರಿಯ ಧೂಳು ಬೇರೆ. ಟವೆಲ್ಲನ್ನು ನೀರಿನಲ್ಲಿ ಅದ್ದಿ ದೊಡ್ಡ ಡ್ರಮ್ಮಿನ ಚರ್ಮವನ್ನು ಚೆನ್ನಾಗಿ ಒರೆಸಿದೆ. ಒಂದು ಬದಿ ಮಾತ್ರ ಒರೆಸಿದರೆ ಹೇಗೆ ಅಂತ ಸುತ್ತ ಹೋಗಿ ಇನ್ನೊಂದು ಬದಿಯನ್ನೂ ಒರೆಸಿದೆ. ಮತ್ತೆ ಟವೆಲ್ ಹಿಂಡಿ, ಅದ್ದಿ, ಮತ್ತೊಂದು ಸಲ. ಗಂಧ ಕಲಸಿ ಮೂರು ಬೆರಳಲ್ಲಿ ಎಳೆದೆ, ನಡುವೆ ಕುಂಕುಮದ ದೊಡ್ಡ ಬೊಟ್ಟಿಟ್ಟೆ. ಸೇವಂತಿಗೆ ಸರ ಸುತ್ತಿದೆ. ಡೇಲ್‌ನ ಟ್ರೇಲರಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟೆ. ಊದುಬತ್ತಿ ಹಚ್ಚಿದ ಕ್ಷಣವೇ ಹಳದಿ ಅಂಗಿಯ ಸ್ವಯಂಸೇವಕಿಯೊಬ್ಬಳು "ನೋ ಫೈರ್! ನೋ ಫೈರ್!" ಎಂದು ಓಡಿಬಂದು ಅದನ್ನು ಕಿತ್ತು ನೀರಿನ ಬಾಟಲಿಗೆ ಹಾಕಿದಳು. ಒಣಹುಲ್ಲಿನ ಪಾರ್ಕಿನಲ್ಲಿ ಬೆಂಕಿ ಹಚ್ಚಬಾರದಂತೆ. ಹೋಗಲಿ, ಉಳಿದದ್ದೆಲ್ಲ ಸಾಂಗವಾಗಿ ಆಯಿತಲ್ಲ ಎಂದು ಕೈಮುಗಿದೆ. ಅದು ಹಸುವಿನ ಚರ್ಮ ಎಂದು ಆಮೇಲೆ ತಿಳಿದಾಗ, ಗೋಪೂಜೆಯೂ ಒಟ್ಟಿಗೇ ಆಗಿಹೋಯಿತು ಅಂತ ಸಮಾಧಾನ ಮಾಡಿಕೊಂಡೆ.

ಡೇಲ್ ಬಂದು ಹೂವು ನೋಡಿ ನಕ್ಕ. ಕೋಲು ತೆಗೆದುಕೊಂಡು ಒಂದು ಏಟು ಹಾಕಿದ. ನಗು ನಿಂತುಹೋಯಿತು. ಎದೆ ನಡುಗಿಸಬೇಕಿದ್ದ ಡ್ರಮ್ಮು ಒದ್ದೆ ಚಾಪೆ ಕೊಡವಿದ ಹಾಗೆ ಥಪ್ ಅಂದಿತು. ಮತ್ತೊಂದು ಏಟು. ಥಪ್.

ನೀರು ತಾಗಿದರೆ ಚರ್ಮ ಸಡಿಲವಾಗುತ್ತದೆ ಎಂದು ನನಗೆ ತಿಳಿಯದೇ ಇರುವ ವಿಷಯವೇನಲ್ಲ. ಮಳೆಗಾಲದಲ್ಲಿ ಪಕ್ಕದ ಮನೆಯ ಮೇಷ್ಟ್ರು ಗೊಣಗುವುದನ್ನು ಎಷ್ಟು ಸಲ ಕೇಳಿಲ್ಲ! ಆದರೆ ಪೂಜೆ ಎಂದೊಡನೆ ಕೈಗೆ ಒದ್ದೆ ಬಟ್ಟೆ ತಾನಾಗಿ ಬಂದಿತ್ತು.

ಎಲ್ಲರೂ ಬಂದರು. ಡ್ರಮ್ಮನ್ನು ಬಿಸಿಲಿಗೆ ತಿರುಗಿಸಿದರು, ಬಟ್ಟೆಯಿಂದ ಒತ್ತಿದರು, ಬೀಸಿದರು. ನಾನು ನನ್ನ ಸೆರಗಿನಿಂದ ಬೀಸಲು ಹೋದೆ, ವಸುಧಾ ಕೈ ತಳ್ಳಿದಳು. ಕಿಯೊಕೊ ಮಾತ್ರ ಇದೇನು ಅಂತ ಶಾಂತವಾಗಿ ಕೇಳಿದರು. ನನ್ನ ಇಂಗ್ಲಿಷಿನಲ್ಲಿ ಹೇಳಿದೆ, ಇವತ್ತು ನಮ್ಮಲ್ಲಿ ಅನ್ನ ಕೊಡುವ ಸಲಕರಣೆಗಳಿಗೆಲ್ಲ ಪೂಜೆ ಅಂತ. ಅವರು ತುಂಬ ಹೊತ್ತು ತಲೆಯಾಡಿಸಿದರು.

"ನಾವೂ ಹೊಸವರ್ಷಕ್ಕೆ ಡ್ರಮ್ಮಿಗೆ ಅಕ್ಕಿಯ ಕಡುಬು ಇಡ್ತೀವಿ. ಆದರೆ ಮುಂದೆ ಇಡ್ತೀವಿ. ಮೇಲೆ ಏನೂ ಹಾಕಲ್ಲ" ಎಂದು ನನಗೆ ಬಗ್ಗಿ ನಮಸ್ಕಾರ ಮಾಡಿದರು. ಅವರು ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕಾರ್ಯಕ್ರಮದ ಹೊತ್ತಿಗೂ ಚರ್ಮ ಪೂರ್ತಿ ಒಣಗಲಿಲ್ಲ. ದೊಡ್ಡ ಡ್ರಮ್ಮಿನ ಭಾಗವನ್ನೇ ಕೈಬಿಟ್ಟರು. ತಿಂಗಳುಗಟ್ಟಲೆ ಟೈರು ಬಡಿದು ಕಲಿತ ನನ್ನ ತಂಗಿ ಮೂಲೆಯಲ್ಲಿ ನಿಂತು ಚಿಕ್ಕದೊಂದು ಡ್ರಮ್ ಬಾರಿಸಿ ಕೆಳಗಿಳಿದಳು.

ಹೆದ್ದಾರಿ

ಡಾಲಸ್ಸಿನಿಂದ ಹಿಂದಿರುಗುವಾಗ ಕಾರಿನಲ್ಲಿ ನಾವಿಬ್ಬರೇ. ವಸುಧಾ ಕಣ್ಣನ್ನು ರಸ್ತೆಯ ಮೇಲೇ ನೆಟ್ಟು ಓಡಿಸುತ್ತಿದ್ದಳು. ನಾನು ನಾಲ್ಕು ಸಲ ತಪ್ಪಾಯ್ತು ಅಂದೆ, ಐದನೆಯ ಸಲ ಹೇಳಲು ನಾಚಿಕೆಯಾಯಿತು. ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಳು. ಟೆಕ್ಸಸ್ಸಿನ ಪೆಟ್ರೋಲ್ ಬಂಕುಗಳೆಂದರೆ ನಮ್ಮ ಕಲ್ಯಾಣಮಂಟಪಕ್ಕಿಂತ ದೊಡ್ಡವು. ಒಳಗೆ ಹೋದರೆ ಅಂಗಡಿ, ಬಿಸಿ ಊಟ, ನಮ್ಮ ಮನೆಯ ದೇವರ ಕೋಣೆಗಿಂತ ಚೊಕ್ಕಟವಾದ ಟಾಯ್ಲೆಟ್ಟು. ಬೇರೆ ದಿನವಾಗಿದ್ದರೆ ನಾನು ಒಂದು ಗಂಟೆ ಸುತ್ತುತ್ತಿದ್ದೆ.

ಕಾರಿಗೆ ಹಿಂದಿರುಗಿದ ಮೇಲೆ ವಸುಧಾ ಸ್ಟೀರಿಂಗ್ ಹಿಡಿದು ಕೂತಳು, ಹೊರಡಲಿಲ್ಲ.

"ನೀನು ಬೇಕಂತ ಮಾಡಿಲ್ಲ, ಗೊತ್ತು. ಅದಲ್ಲ ಅಕ್ಕ. ನನಗೇ ಸಾಕಾಗಿದೆ. ಡ್ಯೂಟಿ ಮುಗಿಸಿ ಬರ್ತೀನಿ, ಒಬ್ಬಳಿಗೆ ಅನ್ನ ಮಾಡ್ಕೋತೀನಿ, ಟೈರು ಹೊಡೀತೀನಿ. ಯಾರಿಗೋಸ್ಕರ? ಅಣ್ಣ ಹೇಳೋದೇ ಸರಿ ಇರ್ಬೇಕು. ಬರ್ತೀನಿ. ಹೂಸ್ಟನ್ ಒಂದು ಮುಗಿಸಿಬಿಡ್ತೀನಿ."

ನಾನು ಬಂದ ಕೆಲಸ ಆಗಿಹೋಗಿತ್ತು. ಒಂದು ಮಾತೂ ಖರ್ಚಾಗಿರಲಿಲ್ಲ, ಒಂದು ಟವೆಲ್ ನೀರಿನಲ್ಲಿ ಆಗಿಹೋಗಿತ್ತು. ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. "ಶಾರದಾ, ನೀನು ಗಟ್ಟಿಗಿತ್ತಿ ಕಣೇ!" ಎಂದು ಅವನು ಹಿಗ್ಗಿದ. ಹೊಗಳಿಸಿಕೊಂಡು ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಕಳ್ಳತನ ಮಾಡಿ ಬಹುಮಾನ ತೆಗೆದುಕೊಂಡ ಹಾಗಾಗಿತ್ತು.

ಮುಂದಿನ ಅಭ್ಯಾಸದ ದಿನ ವಸುಧಾ ಹೂಸ್ಟನ್ನೇ ತನ್ನ ಕೊನೆಯ ಕಾರ್ಯಕ್ರಮ ಅಂತ ಕಿಯೊಕೊ ಅವರಿಗೆ ಹೇಳಿದಳು. ಅವರು ಯಾಕೆ, ಏನು ಅಂತ ಕೇಳಲಿಲ್ಲ. "ಹಾಗಾದರೆ ಹೂಸ್ಟನ್ನಿನಲ್ಲಿ ದೊಡ್ಡ ಡ್ರಮ್ ನಿನ್ನದೇ" ಅಂದರು, ಅಷ್ಟೆ. ಆಮೇಲೆ ಎಲ್ಲರೂ ನೆಲ ಒರೆಸಿದರು. ಈ ಸಲ ನಾನೂ ಒಂದು ಬಟ್ಟೆ ಹಿಡಿದು ಕೂತೆ, ಒಣಬಟ್ಟೆಯೇ ಅಂತ ಎರಡು ಸಲ ನೋಡಿಕೊಂಡು.

ಸೈಪ್ರೆಸ್, ಹೂಸ್ಟನ್

ಹೂಸ್ಟನ್ನಿಗೆ ಹೋದಾಗ ಉಳಿದುಕೊಂಡದ್ದು ಸೈಪ್ರೆಸ್ಸಿನಲ್ಲಿ, ವಸುಧಾ ಗಿರಿಜಾ ಆಂಟಿ ಎಂದು ಕರೆಯುವ ಧಾರವಾಡದ ಹಿರಿಯರ ಮನೆಯಲ್ಲಿ. ಅವರೂ ಅವರ ಯಜಮಾನರೂ ನಿವೃತ್ತ ಡಾಕ್ಟರುಗಳು. ಒಂದೇ ಥರದ ನೂರಾರು ಮನೆಗಳ ಬಡಾವಣೆ ಅದು. ಸಂಜೆ ವಾಕಿಂಗಿಗೆ ಹೋದ ನಾನು ಬೇರೊಬ್ಬರ ಮನೆಯ ಗಂಟೆ ಒತ್ತಿ, ಬಾಗಿಲು ತೆರೆದವರಿಗೆ "ರೊಟ್ಟಿ ವಾಸನೆ ಬಂತು" ಅಂತ ಕನ್ನಡದಲ್ಲೇ ಹೇಳಿದೆ. ಪಾಪ, ಅವರೇ ನನ್ನನ್ನು ಸರಿಯಾದ ಮನೆಗೆ ಬಿಟ್ಟು ಹೋದರು.

"ನಿಮ್ಮ ತಂಗೀನ ಕರಕೊಂಡ ಹೋಗ್ತೀರಂತ?" ಎಂದು ಗಿರಿಜಾ ಆಂಟಿ ರೊಟ್ಟಿ ಬಡಿಸುತ್ತ ಕೇಳಿದರು. "ಒಳ್ಳೇದ ಆತು ಬಿಡ್ರಿ. ಆದ್ರ ಒಂದ ಮಾತು. ಅಕಿ ಇಲ್ಲಿ ಬಂದಾಗೆಲ್ಲಾ ನಕ್ಕೋತ ಇರ್ತಾಳ. ನನಗ ಆ ನಗು ನೋಡಿದ್ರ ಹೆದರಿಕಿ ಬರ್ತದ ನೋಡ್ರಿ. ಗಂಡ ಹೋದಾಗಿಂದ ಅಕಿ ಕಣ್ಣಾಗ ಒಂದ ಹನಿ ನೀರು ನಾ ಕಂಡಿಲ್ಲ."

ನಾನು ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಮುರಿದೆ.

ಹೂಸ್ಟನ್ನಿನ ಗಾಳಿ ನಮ್ಮ ಮಂಗಳೂರಿನ ಗಾಳಿಯ ಹಾಗೆ, ಅಂಗಿ ಮೈಗೆ ಅಂಟುತ್ತದೆ. ಡ್ರಮ್ಮಿಗೆ ಇಂಥ ಗಾಳಿಯೂ ಆಗುವುದಿಲ್ಲವಂತೆ. ಡೇಲ್ ಕೊನೆಯ ಗಳಿಗೆಯವರೆಗೂ ಕಂಬಳಿ ಬಿಚ್ಚದೆ ಕಾಯುತ್ತ ಕೂತಿದ್ದ. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ಅವನ ಪಕ್ಕದಲ್ಲಿ ನಿಂತಿದ್ದೆ, ಯಾರೂ ಅನುಮಾನ ಪಡದಿರಲಿ ಅಂತ. ಅವನು ನಕ್ಕು, ಒಂದು ಕುರ್ಚಿ ಎಳೆದುಕೊಟ್ಟ. ಅವನ ಟೆಕ್ಸಸ್ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಅವತ್ತು ಅವನು ನಿಧಾನವಾಗಿ ಹೇಳಿದ.

"ಗಂಡ ತೀರಿಕೊಂಡ ಮೇಲೆ ವಸುಧಾ ಮೊದಲು ಬಂದಾಗ ಎಲ್ಲ ಬೇಗ ಕಲಿತಳು ಮ್ಯಾಮ್. ಕೂಗೋದೊಂದು ಆಗ್ತಿರಲಿಲ್ಲ. ಬಾಯಿ ತೆರೀತಿದ್ಲು, ದನಿ ಬರ್ತಿರಲಿಲ್ಲ. ಸೆನ್ಸೇ ಬಲವಂತ ಮಾಡಲಿಲ್ಲ. ಹೀಗೇ ಆರು ತಿಂಗಳು ಹೋಯ್ತು. ಒಂದಿನ ಬಾರಿಸೋ ನಡುವೆ ಇದ್ದಕ್ಕಿದ್ದ ಹಾಗೆ ಕೂಗಿದಳು. ನಾನು ಅಂಥ ಕೂಗು ಕೇಳಿರಲಿಲ್ಲ. ನಿಲ್ಲಿಸಿ ಅವಳ ಹತ್ತಿರ ಹೋಗೋಣ ಅಂತ ಅನ್ನಿಸಿತು. ಆದರೆ ಸೆನ್ಸೇ ಬಾರಿಸ್ತಾನೇ ಇದ್ದರು. ನಾವೂ ಬಾರಿಸಿದೆವು. ನಿಲ್ಲಿಸಿಬಿಟ್ಟಿದ್ದರೆ ಅವಳು ಇನ್ನೊಂದು ಸಲ ಕೂಗ್ತಿರಲಿಲ್ಲ."

ನಾನು ಕೆಲಸ ಮಾಡಿದ್ದು ಟೆಲಿಫೋನ್ ಇಲಾಖೆಯಲ್ಲಿ, ಟ್ರಂಕ್ ಕಾಲಿನ ಕಾಲದಿಂದ. ಹಲೋ ಅಂದ ದನಿಯಲ್ಲೇ ಆ ಮನೆಯಲ್ಲಿ ಮದುವೆಯೋ ಸಾವೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಂಡವಳು. ಪ್ರಭಾಕರ ಹೋದ ಮೇಲೆ ಪ್ರತಿ ಭಾನುವಾರ ತಂಗಿಗೆ ಫೋನ್ ಮಾಡಿದ್ದೆ, ಪ್ರತಿ ಭಾನುವಾರ ಅವಳು "ಚೆನ್ನಾಗಿದ್ದೀನಿ ಅಕ್ಕ" ಅಂದಿದ್ದಳು, ನಾನು ನಂಬಿದ್ದೆ. ನನಗೆ ಕೇಳಿಸದೇ ಹೋದದ್ದು ಈ ಗಡ್ಡದವನಿಗೆ, ಆ ಮುದುಕಿಗೆ ಕೇಳಿಸಿತ್ತು. ನನಗೆ ತುಂಬ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು.

ದೊಡ್ಡ ಡ್ರಮ್ಮನ್ನು ಎರಡು ಬದಿಯಿಂದ ಇಬ್ಬರು ಬಾರಿಸುತ್ತಾರೆ. ಮುಂದಿನವರು ಮನಸ್ಸಿಗೆ ಬಂದಂತೆ ಬಾರಿಸಬಹುದು. ಹಿಂದಿನವರು ಒಂದೇ ಸಮನಾದ ಗತಿ ಹಿಡಿದಿರಬೇಕು, ಏನೇ ಆದರೂ ಬಿಡಬಾರದು. ಹಿಂದೆ ಡೇಲ್ ನಿಂತ. ಮುಂದೆ, ತನಗಿಂತ ಎತ್ತರದ ಡ್ರಮ್ಮಿನ ಎದುರು, ಜನರಿಗೆ ಬೆನ್ನು ಮಾಡಿ ನನ್ನ ತಂಗಿ ನಿಂತಳು. ಚರ್ಮದ ನಡುವೆ ನಾನಿಟ್ಟ ಕುಂಕುಮದ ಕಲೆ ಇನ್ನೂ ಹೋಗಿರಲಿಲ್ಲ.

ಮೊದಮೊದಲು ಮೆತ್ತಗೆ ಶುರುಮಾಡಿದಳು. ಆಮೇಲೆ ತೋಳುಗಳು ಪೂರ್ತಿ ಬಿಚ್ಚಿಕೊಂಡವು. ನನ್ನ ಕುರ್ಚಿ ನಡುಗುತ್ತಿತ್ತು. ಅವಳ ಬೆನ್ನಿನ ಮೇಲೆ ಬೆವರು ಹರಡುವುದು ಕಾಣುತ್ತಿತ್ತು. ಗತಿ ಏರುತ್ತ ಏರುತ್ತ ಹೋಗಿ, ಎರಡೂ ಕೈ ಮೇಲೆತ್ತಿದವಳು ಹಾಗೇ ನಿಂತುಬಿಟ್ಟಳು. ಕೈ ಇಳಿಯಲಿಲ್ಲ. ಜನ ಇದೂ ಆಟದ ಭಾಗ ಅಂದುಕೊಂಡರು. ಅಲ್ಲ ಅಂತ ನನಗೆ ಗೊತ್ತಾಯಿತು. ಹಿಂದಿನಿಂದ ಡೇಲ್‌ನ ಏಟು ಮಾತ್ರ ಒಂದೇ ಸಮನೆ ಬೀಳುತ್ತಿತ್ತು. ಅವನು ಬಗ್ಗಿ ನೋಡಲಿಲ್ಲ, ಅವಸರ ಮಾಡಲಿಲ್ಲ. ತಂಡದವರೆಲ್ಲ ಪಕ್ಕದಿಂದ "ಸೊರೆ!" ಎಂದು ಕೂಗಿದರು. ಆಗ ವಸುಧಾ ಕೂಗಿದಳು. ಆ ಕೂಗಿನ ಜೊತೆಯಲ್ಲೇ ಎರಡೂ ಕೋಲು ಇಳಿದವು. ಮತ್ತೆ ನಿಲ್ಲಲಿಲ್ಲ.

ನನ್ನ ಪಕ್ಕ ಕೂತಿದ್ದ ಗಿರಿಜಾ ಆಂಟಿ ಕಣ್ಣೊರೆಸಿಕೊಂಡು, "ಅಯ್ಯ ಶಿವನ, ಎಷ್ಟ ದಿನದಿಂದ ಒಳಗ ಇಟಗೊಂಡಿತ್ತರಿ ಈ ಹುಡುಗಿ!" ಅಂದರು. ಹಿಂದೆ ಯಾರು ಕೂತಿದ್ದಾರೆ, ಏನಂದುಕೊಳ್ಳುತ್ತಾರೆ ಎಂದು ನಾನು ಈ ಸಲ ತಿರುಗಿ ನೋಡಲಿಲ್ಲ.

ಮುಗಿದ ಮೇಲೆ ಎಂದಿನಂತೆ ಟ್ರೇಲರಿನ ಕೆಲಸ. ಸಂಜೆ ಬಿಸಿಲು ಇಳಿಯುತ್ತಿತ್ತು. ನಾನೂ ಒಂದು ಸ್ಟ್ಯಾಂಡು ಹೊತ್ತುಕೊಟ್ಟೆ. ತನ್ನ ಪಾಲಿನದನ್ನು ಏರಿಸಿ ವಸುಧಾ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಡುವೆ ಯಾಕೆ ನಿಂತೆ?"

"ಇದೇ ಕೊನೆ ಅಂತ ನೆನಪಾಯ್ತು. ಕೈ ಇಳೀಲಿಲ್ಲ."

"ಹಾಗಾದ್ರೆ ಬರಬೇಡ."

ಅವಳು ನನ್ನ ಮುಖ ನೋಡಿದಳು. "ಏನಂದೆ?"

"ಮೈಸೂರಿಗೆ ಬರಬೇಡ ಅಂದೆ."

ಸಿಟ್ಟು ಬಂದರೆ ವಸುಧಾಳ ಮೂಗಿನ ತುದಿ ಕೆಂಪಾಗುತ್ತದೆ, ಚಿಕ್ಕಂದಿನಿಂದಲೂ. "ಬಾ ಅಂತೀರಾ, ಬರಬೇಡ ಅಂತೀರಾ! ಪ್ರಭಾಕರ್ ಹೋದಾಗಿಂದ ಎಲ್ಲಾರೂ ನಾನೇನ್ ಮಾಡ್ಬೇಕು ಅಂತ ಹೇಳೋರೇ. ನಿನಗೇನು ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ ಅಕ್ಕ?"

"ಈಗ ಕೇಳ್ತಿದೀನಿ. ಏನ್ ಬೇಕು ನಿನಗೆ?"

ಅವಳು ಬಾಯಿ ತೆರೆದಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ.

"ಪ್ರಭಾಕರ್ ಬೇಕು" ಅಂದಳು.

ಆಮೇಲೆ ಅತ್ತಳು. ನನ್ನ ತೋಳು ಹಿಡಿದುಕೊಂಡು, ಪಾರ್ಕಿಂಗಿನ ಜನರೆಲ್ಲ ತಿರುಗಿ ನೋಡುವ ಹಾಗೆ, ಚಿಕ್ಕ ಮಗು ಅಳುವಷ್ಟು ಜೋರಾಗಿ ಅತ್ತಳು. ಕಿಯೊಕೊ ಒಮ್ಮೆ ನಮ್ಮ ಕಡೆ ನೋಡಿ, ಹಗ್ಗ ಕಟ್ಟುವ ಕೆಲಸ ಮುಂದುವರಿಸಿದರು. ಅಳುವಿನ ನಡುವೆಯೇ ವಸುಧಾ ಹೇಳಿದಳು, "ಅವರು ಸಿಗಲ್ಲ. ಅವರನ್ನ ಬಿಟ್ರೆ ನನಗೆ ಇದು ಬೇಕು. ನಾನು ಬರಲ್ಲ ಅಕ್ಕ, ಬರಲ್ಲ."

ಅಷ್ಟರಲ್ಲಿ ಅಣ್ಣನ ಫೋನು ಬಂತು. ಅಲ್ಲಿ ಬೆಳಗಾಗುತ್ತಿತ್ತು.

"ಶಾರದಾ, ಟಿಕೆಟ್ ಯಾವತ್ತಿಗೆ ಮಾಡಿಸ್ತೀರಿ?"

"ಅವಳು ಬರಲ್ಲ ಅಣ್ಣ. ಇಲ್ಲೇ ಇರ್ತಾಳೆ."

"ಮತ್ತೆ ಮನಸ್ಸು ಬದಲಾಯಿಸಿದ್ಲಾ? ಅದೇನದು ಸದ್ದು? ಯಾರೋ ಅಳ್ತಿರೋ ಹಾಗಿದೆ."

"ವಸು ಅಳ್ತಿದಾಳೆ."

ಅಣ್ಣ ಬೈಯುತ್ತಾನೆ ಅಂತ ಕಾದೆ. ಅವನು ದನಿ ತಗ್ಗಿಸಿ ಹೇಳಿದ, "ಪ್ರಭಾಕರ ಹೋದಾಗಲೂ ಅಳಲಿಲ್ಲವಲ್ಲೇ ಅವಳು. ನನಗೆ ಭಯ ಆಗಿದ್ದೇ ಅದಕ್ಕೆ. ಕಣ್ಣೆದುರಿಗೆ ಇರಲಿ ಅಂದಿದ್ದೂ ಅದಕ್ಕೇ."

"ಅವಳಿಗೆ ಅಳೋಕಾಗೋದು ಇಲ್ಲೇ ಅಣ್ಣ."

ಇನ್ನು ಫೋನ್ ಇಟ್ಟುಬಿಡುತ್ತಾನೆ ಅಂದುಕೊಂಡೆ. ಇಡಲಿಲ್ಲ. "ಅವಳ ಹತ್ರ ಹಿಡಿ" ಅಂದ. ನಾನು ಫೋನನ್ನು ತಂಗಿಯ ಮುಖದ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಅಣ್ಣ ಅಳುವುದೂ ಕೇಳಿಸಿತು.